ಹಂದಿಗೋಡಿನಿಂದ ನಾರಾಯಣಗೂಡದವರೆಗೆ



ನಾನು ಈ ಮಾತುಗಳನ್ನು ಬರೆಯುತ್ತಿರುವುದು ಹೈದರಾಬಾದಿನ ನಾರಾಯಣಗೂಡದಲ್ಲಿ ಕೂತು. ಈ ಊರಿಗೂ ನಮ್ಮ ಮಲೆನಾಡಿನ ಒಂದು ಕಾಯಿಲೆಗೂ ಸುಮಾರು ಐವತ್ತು ವರ್ಷಗಳ ನಂಟಿದೆ. ವಿರಳ ರೋಗಗಳ ವಿಚಾರ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅದೇ.

ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿಯಿದೆ. 1970ರ ದಶಕದ ನಡುಭಾಗದಲ್ಲಿ ಅಲ್ಲಿನ ದಲಿತ ಕುಟುಂಬಗಳಲ್ಲಿ ಒಂದು ವಿಚಿತ್ರ ಕಾಯಿಲೆ ಇರುವುದು ಹೊರಗಿನವರ ಗಮನಕ್ಕೆ ಬಂತು. ಗದ್ದೆ ಕೂಲಿಯನ್ನೇ ನೆಚ್ಚಿಕೊಂಡ ಮನೆಗಳು ಅವು. ಚೆನ್ನಾಗಿ ಓಡಾಡಿಕೊಂಡಿದ್ದವರು ಸೊಂಟ ನೋವು, ಮಂಡಿ ನೋವು ಎನ್ನುತ್ತಾ ಕೂರುವರು. ಬರಬರುತ್ತಾ ಕೀಲು ಸವೆದು ಕೋಲು ಹಿಡಿಯುವರು, ಕೊನೆಗೆ ಕೈಯೂರಿ ತೆವಳುವರು. ಕೆಲವರಿಗೆ ಎತ್ತರವೇ ಬರುತ್ತಿರಲಿಲ್ಲ. ಒಂದೇ ಮನೆಯಲ್ಲಿ ಅಜ್ಜನಿಗೆ, ಮಗಳಿಗೆ, ಮೊಮ್ಮಗನಿಗೆ ಹೀಗಾದದ್ದುಂಟು. ಮೊದಮೊದಲು ಸಂಶಯ ಹೋದದ್ದು ಗದ್ದೆಯ ಏಡಿಗಳ ಮೇಲೆ. ಬಡವರು ಏಡಿ ಹಿಡಿದು ತಿನ್ನುತ್ತಾರೆ, ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೈ ಸೇರಿರಬೇಕು ಎಂಬ ತರ್ಕ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇನ್ನೂ ಹಲವು ಹಳ್ಳಿಗಳಲ್ಲಿ ಇದೇ ಕಾಯಿಲೆ ಕಂಡಿತು.

ಆಗ ಮಲೆನಾಡಿಗೆ ಹೋದವರು ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು. ಡಾ. ರಮೇಶ್ ವಿ. ಭಟ್ ಮತ್ತು ಡಾ. ಕೆ.ಎ.ವಿ.ಆರ್. ಕೃಷ್ಣಮಾಚಾರಿ ತಮ್ಮ ಅಧ್ಯಯನವನ್ನು 1977ರಲ್ಲಿ ಪ್ರಕಟಿಸಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು. ಕೌಟುಂಬಿಕ ಎಂಬಲ್ಲಿಗೆ ದಿಕ್ಕು ಸಿಕ್ಕಿತ್ತು. 1994ರ ಹೊತ್ತಿಗೆ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ತಜ್ಞರು ಎಕ್ಸ್‌ರೇಗಳನ್ನೂ ವಂಶಾವಳಿಗಳನ್ನೂ ಕೂಲಂಕಷವಾಗಿ ನೋಡಿ, ಇದು ಬೆನ್ನುಮೂಳೆ ಮತ್ತು ಕೀಲುಗಳ ಬೆಳವಣಿಗೆಯಲ್ಲೇ ಇರುವ ಆನುವಂಶಿಕ ದೋಷ, ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು ಎಂದು ಹೇಳಿದರು. ದಕ್ಷಿಣ ಆಫ್ರಿಕಾದ ಜುಲು ನಾಡಿನಲ್ಲಿ ಮ್ಸೆಲೆನಿ ಎಂಬ ಪ್ರದೇಶವಿದೆ. ಅಲ್ಲಿನ ಬಡ ಕುಟುಂಬಗಳಲ್ಲೂ ಹೆಚ್ಚುಕಡಿಮೆ ಇಂಥದೇ ಕೀಲು ರೋಗವಿರುವುದನ್ನು ವೈದ್ಯರು ಗುರುತಿಸಿದ್ದಾರೆ. ಸಾಗರದ ಕೂಲಿಯವನಿಗೂ ಆಫ್ರಿಕಾದ ದನ ಕಾಯುವವನಿಗೂ ಒಂದೇ ಬಗೆಯ ಸೊಂಟ ನೋವು!

ಇಷ್ಟೆಲ್ಲ ಅಧ್ಯಯನದಿಂದ ಏನು ಪ್ರಯೋಜನವಾಯಿತು ಎಂದು ಕೇಳಬಹುದು. ರೋಗ ವಾಸಿಯಾಗಲಿಲ್ಲ, ನಿಜ. ಇಂದಿಗೂ ಬೇರುಸಹಿತ ತೆಗೆಯುವ ಮದ್ದಿಲ್ಲ. ನೋವು ಇಳಿಸುವುದು, ಅನುಕೂಲವಾದವರಿಗೆ ಸೊಂಟದ ಕೀಲು ಬದಲಿಸುವುದು, ಇಷ್ಟೇ. ಆದರೆ ಏಡಿ ತಿಂದದ್ದಕ್ಕೆ ಹೀಗಾಯಿತು, ದೈವದ ಮುನಿಸಿಗೆ ಹೀಗಾಯಿತು ಎಂದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಿದ್ದವರಿಗೆ ತಪ್ಪು ತಮ್ಮದಲ್ಲ ಎಂಬುದು ತಿಳಿಯಿತು. ಸರ್ಕಾರದ ಬಾಗಿಲಲ್ಲಿ ನಿಂತು ಹಕ್ಕಿನಿಂದ ಕೇಳಲು ಒಂದು ಆಧಾರ ಸಿಕ್ಕಿತು. ವಿರಳ ರೋಗ ಬಂದ ಮನೆಗೆ ಮೊದಲು ಬೇಕಾದದ್ದು ಈ ತಿಳಿವಳಿಕೆ, ಆಮೇಲೆ ಜೊತೆಗೆ ನಿಲ್ಲುವ ಜನ. ಔಷಧ ಇದ್ದರೆ ಅದೂ ಈ ಎರಡರ ಮೂಲಕವೇ ಅವರ ಕೈ ಸೇರುತ್ತದೆ. ನಾನು ವೈದ್ಯೆಯಲ್ಲ. ಇಂಥ ಮನೆಗಳವರ ಜೊತೆ ಆಸ್ಪತ್ರೆಗಳಿಗೆ ಓಡಾಡಿದವಳಾಗಿ ಇದನ್ನು ಹೇಳುತ್ತಿದ್ದೇನೆ.

ಸಾವಿರ ಜನರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ ಜನರಿಗೆ ಬರುವ ಕಾಯಿಲೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯವರು ವಿರಳವೆನ್ನುತ್ತಾರೆ. ಇಂಥವು ಆರರಿಂದ ಎಂಟು ಸಾವಿರ ಬಗೆ ಇವೆ ಎಂದು ಅಂದಾಜು. ಹೆಚ್ಚಿನವು ವಂಶವಾಹಿಗಳಿಂದ ಬಂದವು, ಹೆಚ್ಚಿನವು ಮಕ್ಕಳಲ್ಲೇ ಕಾಣಿಸಿಕೊಳ್ಳುವಂಥವು. ಒಂದೊಂದನ್ನೇ ಎಣಿಸಿದರೆ ಬೆರಳೆಣಿಕೆಯ ಜನ, ಎಲ್ಲವನ್ನೂ ಕೂಡಿಸಿದರೆ ಕೋಟಿಗಟ್ಟಲೆ ಜನ. ರೋಗದ ಗುರುತು ಸಿಗುವುದಕ್ಕೇ ಎಷ್ಟೋ ಸಲ ಹಲವು ವರ್ಷ ಹಿಡಿಯುತ್ತದೆ.

ಆ ವರ್ಷಗಳು ಒಂದು ಮನೆಯೊಳಗೆ ಹೇಗೆ ಕಳೆಯುತ್ತವೆ ಎಂಬುದನ್ನು ಸ್ವಲ್ಪ ಹೇಳಬೇಕು. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು ಕಡೆಯವರಿಗೆ ದೊಡ್ಡ ಆಸ್ಪತ್ರೆಯೆಂದರೆ ಬಹಳ ಕಾಲದಿಂದ ಹೈದರಾಬಾದೇ. ಬೆಳಿಗ್ಗೆ ರೈಲಿಳಿದು, ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬರುತ್ತಾರೆ. ಆ ಚೀಲದಲ್ಲಿ ಊರಿನ ಡಾಕ್ಟರು ಬರೆದ ಚೀಟಿಗಳು, ಮಡಿಸಿ ಮಡಿಸಿ ಬಿರುಕುಬಿಟ್ಟ ಎಕ್ಸ್‌ರೇ, ಮೂರು ಭಾಷೆಗಳ ರಿಪೋರ್ಟುಗಳು, ಅವುಗಳ ನಡುವೆ ಯಾವುದೋ ದರ್ಗಾದ ತಾಯತ. ಮಗುವಿನ ಹೊಟ್ಟೆ ಉಬ್ಬಿದೆ, ಕೈಕಾಲು ಕಡ್ಡಿ. ಕಾಮಾಲೆಯೆಂದು ಮದ್ದು ಕೊಟ್ಟಾಯಿತು, ಗುಲ್ಮವೆಂದು ಬರೆ ಹಾಕಿಸಿಯಾಯಿತು, ಕ್ಷಯವೆಂದು ಆರು ತಿಂಗಳು ಗುಳಿಗೆ ನುಂಗಿಸಿಯಾಯಿತು. "ಅಕ್ಕಾರ, ಎಲ್ಲಾರೂ ಒಂದೊಂದ್ ಹೆಸರ್ ಹೇಳ್ತಾರ್ರೀ. ಖರೇ ಹೆಸರ್ ಯಾರೂ ಹೇಳವಲ್ರು" ಎಂದು ಅಂಥ ಒಬ್ಬ ತಾಯಿ ನನ್ನ ಹತ್ತಿರ ಹೇಳಿದ್ದಳು. ಆ ಮಗುವಿಗಿದ್ದದ್ದು ಗೌಶೆ ಎಂಬ ಕಾಯಿಲೆ. ದೇಹದಲ್ಲಿ ಒಂದು ಕಿಣ್ವ ಇಲ್ಲದೆ ಕೊಬ್ಬಿನಂಥ ವಸ್ತು ಗುಲ್ಮದಲ್ಲೂ ಯಕೃತ್ತಿನಲ್ಲೂ ಎಲುಬಿನ ಮಜ್ಜೆಯಲ್ಲೂ ತುಂಬಿಕೊಳ್ಳುತ್ತದೆ. ಇದಕ್ಕೆ ಮದ್ದಿದೆ. ಎರಡು ವಾರಕ್ಕೊಮ್ಮೆ ಆ ಕಿಣ್ವವನ್ನು ನರದ ಮೂಲಕ ಕೊಡಬೇಕು, ಜೀವಮಾನವಿಡೀ. ಮದ್ದಿನ ಅಳತೆ ಮಗುವಿನ ತೂಕಕ್ಕೆ ತಕ್ಕಂತೆ. ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆ. ಮಕ್ಕಳು ಮೈ ತುಂಬಿಕೊಂಡರೆ ಎಲ್ಲ ಮನೆಗಳಲ್ಲಿ ಸಂತೋಷ. ಇಂಥ ಮನೆಗಳಲ್ಲಿ ಆ ಸಂತೋಷದ ಜೊತೆಗೇ ಲೆಕ್ಕವೂ ಏಳುತ್ತದೆ.

ಹಾಗೆಂದು ಎಲ್ಲ ವಿರಳ ರೋಗಗಳ ಚಿಕಿತ್ಸೆಗೂ ಕೋಟಿಗಟ್ಟಲೆ ಬೇಕು ಎಂಬ ಭಯ ಬೇಡ. ಈ ಭಯದಿಂದಲೇ ಎಷ್ಟೋ ಜನ ಪರೀಕ್ಷೆಯಿಂದ ಹಿಂದೆ ಸರಿಯುತ್ತಾರೆ. ಬಯೋಟಿನಿಡೇಸ್ ಕೊರತೆ ಎಂಬ ಕಾಯಿಲೆಯನ್ನೇ ತೆಗೆದುಕೊಳ್ಳಿ. ಗುರುತಿಸದೆ ಬಿಟ್ಟರೆ ಮಗುವಿಗೆ ಸೆಳೆತ ಬರುತ್ತದೆ, ಕೂದಲು ಉದುರುತ್ತದೆ, ಕಿವಿ ಕೇಳದಂತಾಗುತ್ತದೆ. ಗುರುತಿಸಿದರೆ ದಿನಕ್ಕೊಂದು ಬಯೋಟಿನ್ ಗುಳಿಗೆ. ಅದು ಬರೀ ಒಂದು ವಿಟಮಿನ್. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ನಾಲ್ಕು ಹನಿ ರಕ್ತದಲ್ಲಿ ಇದನ್ನೂ, ಹುಟ್ಟಿನಿಂದಲೇ ಇರುವ ಥೈರಾಯ್ಡ್ ಕೊರತೆಯನ್ನೂ ಪತ್ತೆಮಾಡಬಹುದು. ಹೆರಿಗೆಯಾದ ಮನೆಯವರು ತೊಟ್ಟಿಲ ಶಾಸ್ತ್ರಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುತ್ತಾರೆ, ಈ ಪರೀಕ್ಷೆ ಕೇಳುವವರು ಕಡಿಮೆ. ಡಾಕ್ಟರು ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ.

ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ನಮ್ಮಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವರು ನೆಂಟರಲ್ಲೇ ಮದುವೆಯಾದವರೆಂದು ಕಂಡುಬಂದಿದೆ. ಆಸ್ತಿ ಹೊರಗೆ ಹೋಗುವುದಿಲ್ಲ, ಹುಡುಗಿ ಕಣ್ಣಳತೆಯಲ್ಲಿರುತ್ತಾಳೆ ಎಂಬ ಅನುಕೂಲಗಳಿವೆ, ಅವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಒಂದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳಲ್ಲಿ ಒಂದೇ ದೋಷ ಅಡಗಿ ಕೂತಿರುವ ಸಾಧ್ಯತೆ ಹೆಚ್ಚು. ಅಪ್ಪ-ಅಮ್ಮ ಇಬ್ಬರೂ ಆರೋಗ್ಯವಂತರೇ, ಇಬ್ಬರಲ್ಲೂ ಅರ್ಧರ್ಧ ದೋಷವಿದೆ, ಎರಡೂ ಮಗುವಿನಲ್ಲಿ ಕೂಡಿಬಿಡುತ್ತವೆ. ಪ್ರತಿ ಬಸಿರಿನಲ್ಲೂ ಹೀಗಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. "ಒಂದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಬರೋದಿಲ್ಲ" ಎಂದು ಹಿರಿಯರು ಸಮಾಧಾನ ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪು ಲೆಕ್ಕ. ಎರಡನೆಯ ಬಸಿರಿಗೂ ಅದೇ ನಾಲ್ಕರಲ್ಲೊಂದು, ಮೂರನೆಯದಕ್ಕೂ ಅಷ್ಟೇ.

ಬಂಧುಗಳಲ್ಲಿ ಮದುವೆಯಾಗದಿದ್ದರೂ ಜಾತಿಯೊಳಗೇ ತಲೆತಲಾಂತರ ಮದುವೆಯಾದರೆ ಹೆಚ್ಚುಕಡಿಮೆ ಅದೇ ಪರಿಣಾಮ. ಇದನ್ನು ತೋರಿಸಿಕೊಟ್ಟದ್ದು ಇದೇ ಊರಿನ ಸಿಸಿಎಂಬಿ, ಅಂದರೆ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ. ಅಲ್ಲಿನ ಡಾ. ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಖ್ ಅವರ ತಂಡಗಳು 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ ವಂಶವಾಹಿಗಳನ್ನು ಹೋಲಿಸಿದವು. ಕೆಲವೇ ಪೂರ್ವಿಕರಿಂದ ಬೆಳೆದು ತಮ್ಮೊಳಗೇ ಮದುವೆಯಾಗುತ್ತ ಬಂದ ಗುರುತು 81 ಸಮುದಾಯಗಳಲ್ಲಿ ಬಹಳ ಗಾಢವಾಗಿತ್ತು. ಅವುಗಳಲ್ಲಿ ವೈಶ್ಯ ಸಮುದಾಯದ ವಿಷಯವನ್ನು ಪ್ರತಿ ಮನೆಯೂ ತಿಳಿದಿರಬೇಕು. ಆ ಸಮುದಾಯದ ಕೆಲವರಲ್ಲಿ ಒಂದು ಕಿಣ್ವದ ಕೊರತೆಯಿದೆ. ದಿನನಿತ್ಯದ ಬದುಕಿನಲ್ಲಿ ಅದರಿಂದ ಏನೂ ತೊಂದರೆಯಿಲ್ಲ. ಆಪರೇಷನ್ ಟೇಬಲ್ ಮೇಲೆ ಸ್ನಾಯು ಸಡಿಲಿಸುವ ಒಂದು ಮದ್ದು ಕೊಟ್ಟಾಗ ಮಾತ್ರ ಅವರ ಸ್ನಾಯುಗಳು ಬೇಗ ಚೇತರಿಸಿಕೊಳ್ಳುವುದಿಲ್ಲ, ಉಸಿರಾಟ ಮರಳುವುದು ತಡವಾಗುತ್ತದೆ. ಅರಿವಳಿಕೆ ವೈದ್ಯರಿಗೆ ಮುಂಚೆ ಹೇಳಿದರೆ ಆ ಮದ್ದನ್ನು ಬಿಟ್ಟು ಬೇರೆಯದನ್ನು ಕೊಡುತ್ತಾರೆ. ಜಾತಿಯ ಮಾತು ಬಂದಾಗ ನಾವು ಮೇಲು-ಕೀಳಿನ ಜಗಳಕ್ಕೆ ಇಳಿಯುತ್ತೇವೆ. ಅದೇ ಮಾಹಿತಿ ಒಂದು ಜೀವ ಉಳಿಸುವುದಕ್ಕೆ ಬಳಕೆಯಾಗಲಿ.

ಕಾಯಿಲೆಯ ಮಗು ಹುಟ್ಟಿದರೆ ಸೊಸೆಯ ಕಾಲ್ಗುಣ ಎನ್ನುವ ಮನೆಗಳು ಇನ್ನೂ ಇವೆ. ಹಿಮೋಫೀಲಿಯಾ, ನಮ್ಮಲ್ಲಿ ಕುಸುಮ ರೋಗವೆನ್ನುವುದು, ಗಂಡುಮಕ್ಕಳಿಗೆ ಬರುತ್ತದೆ, ತಾಯಿಯ ಮೂಲಕ ಬರುತ್ತದೆ. ಹಾಗಾಗಿ ಬೈಗುಳವೆಲ್ಲ ತಾಯಿಗೆ. ಆದರೆ ಹೀಗೆ ಹುಟ್ಟುವ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಪಾಲಿನವರ ಮನೆತನದಲ್ಲಿ ಹಿಂದೆಂದೂ ಈ ರೋಗ ಇರಲಿಲ್ಲ. ಅವರಲ್ಲಿ ದೋಷ ಹೊಸದಾಗಿ ಹುಟ್ಟಿಕೊಂಡದ್ದು. ಇಲ್ಲಿ ಯಾರನ್ನು ಬೈಯುವುದು? ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಅವರು ಸ್ವತಃ ಈ ರೋಗದೊಂದಿಗೆ ಬದುಕುತ್ತಲೇ ವೈದ್ಯರಾದರು, ಅಲ್ಲಿನ ಹಿಮೋಫೀಲಿಯಾ ಸೊಸೈಟಿ ಕಟ್ಟಿ ಸಾವಿರಾರು ಮನೆಗಳಿಗೆ ಆಸರೆಯಾದರು. ಬಿದ್ದರೆ ಒಳಗೇ ರಕ್ತ ಸುರಿದು ಮಂಡಿ ಊದಿಕೊಳ್ಳುವ ಹುಡುಗನನ್ನು ಶಾಲೆಯಿಂದಲೇ ದೂರವಿಡುವವರು ಅವರನ್ನು ಒಮ್ಮೆ ನೆನೆಯಬೇಕು. ಅಂಥ ಹುಡುಗನ ಮೇಷ್ಟರಿಗೆ ತಿಳಿದಿರಬೇಕಾದದ್ದು ಎರಡೇ ಮಾತು: ಊತ ಕಂಡರೆ ಐಸ್ ಇಟ್ಟು ಕಾಲು ಅಲ್ಲಾಡದಂತೆ ನೋಡಿಕೊಳ್ಳಿ, ತಡಮಾಡದೆ ಮನೆಯವರಿಗೆ ಫೋನ್ ಮಾಡಿ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಎಂಬ ಮದ್ದು ಕೊಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಹಿಮೋಫೀಲಿಯಾ, ಥಲಸ್ಸೇಮಿಯಾ, ಕುಡಗೋಲು ಕಣ (ಸಿಕಲ್ ಸೆಲ್) ರೋಗ ಮೂರೂ ಸೇರಿವೆ. ಸರ್ಟಿಫಿಕೇಟು ಮಾಡಿಸಿಕೊಳ್ಳುವುದಕ್ಕೆ ನಾಚಿಕೆ ಪಡಬೇಡಿ.

ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಈಗ ಹಿಂದಿಗಿಂತ ಸುಲಭವಾಗಿದೆ. 2021ರ ಮಾರ್ಚ್‌ನಲ್ಲಿ ಒಪ್ಪಿಗೆಯಾದ ವಿರಳ ರೋಗಗಳ ರಾಷ್ಟ್ರೀಯ ನೀತಿಯಂತೆ ಕೆಲವು ಆಸ್ಪತ್ರೆಗಳನ್ನು ಉತ್ಕೃಷ್ಟತಾ ಕೇಂದ್ರಗಳೆಂದು ಗುರುತಿಸಿದ್ದಾರೆ. ಹೈದರಾಬಾದಿನಲ್ಲಿ ಪಂಜಾಗುಟ್ಟದ ನಿಮ್ಸ್ ಆಸ್ಪತ್ರೆ ಮತ್ತು ಉಪ್ಪಲ್‌ನ ಸಿಡಿಎಫ್‌ಡಿ ಸಂಸ್ಥೆ ಸೇರಿ ಒಂದು ಕೇಂದ್ರ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ತಳಿಶಾಸ್ತ್ರ ಕೇಂದ್ರ ಸೇರಿ ಇನ್ನೊಂದು. ನೀತಿಯ ಪಟ್ಟಿಯಲ್ಲಿರುವ ರೋಗವಿದ್ದು ಅಲ್ಲಿ ಹೆಸರು ನೋಂದಾಯಿಸಿದವರಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಇದು ದೊಡ್ಡ ಹೆಜ್ಜೆ, ಒಪ್ಪುತ್ತೇನೆ. ಆದರೆ ಜೀವಮಾನವಿಡೀ ಮದ್ದು ಬೇಕಾದ ಮಗುವಿಗೆ ಆ ಹಣ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. ಮುಗಿದ ಮೇಲೆ ಮಗುವನ್ನು ಏನು ಮಾಡಬೇಕು? ಈ ಪ್ರಶ್ನೆ ಕೋರ್ಟುಗಳ ಮೆಟ್ಟಿಲೇರಿದೆ. ಸರ್ಕಾರ ತಾನಾಗಿ ಉತ್ತರ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಅರ್ಧ ದಾರಿಯಲ್ಲಿ ನಿಲ್ಲಿಸುವ ಚಿಕಿತ್ಸೆಯನ್ನು ಯಾವ ತಾಯಿಯೂ ಚಿಕಿತ್ಸೆ ಎನ್ನುವುದಿಲ್ಲ.

ಬೆಲೆ ಇಳಿಯುವುದು ಸಾಧ್ಯ ಎಂಬುದಕ್ಕೂ ಈ ಊರೇ ಸಾಕ್ಷಿ. ಎಸ್‌ಎಂಎ ಎಂಬ ಕಾಯಿಲೆಯಲ್ಲಿ ಬೆನ್ನುಹುರಿಯ ನರಗಳು ಸೊರಗಿ ಮಗುವಿನ ಸ್ನಾಯುಗಳು ಸೋಲುತ್ತವೆ. 2021ರಲ್ಲಿ ಹೈದರಾಬಾದಿನ ಒಂದು ಮಗುವಿಗೆ 16 ಕೋಟಿ ರೂಪಾಯಿಯ ಒಂದೇ ಒಂದು ಚುಚ್ಚುಮದ್ದಿಗಾಗಿ ಸಾವಿರಾರು ಜನ ನೂರು, ಇನ್ನೂರು ಎಂದು ಹಣ ಕೂಡಿಸಿದರು. ಆ ಉದಾರತೆಗೆ ಕೈಮುಗಿಯುತ್ತೇನೆ. ಆದರೆ ಫೋನಿನಲ್ಲಿ ಫೋಟೊ ಹರಿದಾಡದ ಮಗುವಿನ ಗತಿಯೇನು? ಇದೇ ರೋಗಕ್ಕೆ ಬಾಯಿಂದ ಕುಡಿಸುವ ರಿಸ್ಡಿಪ್ಲಾಮ್ ಎಂಬ ಮದ್ದು ಬಂತು, ಬಾಟಲಿಗೆ ಸುಮಾರು ಆರು ಲಕ್ಷ. ಹೈದರಾಬಾದಿನ ನ್ಯಾಟ್ಕೊ ಕಂಪನಿ ಅದನ್ನು ಇಲ್ಲಿಯೇ ತಯಾರಿಸಲು ಮುಂದಾದಾಗ ಪೇಟೆಂಟಿನ ವ್ಯಾಜ್ಯವಾಯಿತು. 2025ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟಿನ ತೀರ್ಪು ನ್ಯಾಟ್ಕೊ ಪರವಾಗಿ ಬಂದ ಮೇಲೆ ಕಂಪನಿ ಪ್ರಕಟಿಸಿದ ಬೆಲೆ ಬಾಟಲಿಗೆ 15,900 ರೂಪಾಯಿ. ಕೂಲಿ ಮಾಡುವವರಿಗೆ ಅದೂ ಭಾರವೇ. ಆದರೂ ಲಕ್ಷದಿಂದ ಸಾವಿರಕ್ಕೆ ಇಳಿಯಿತಲ್ಲ!

ಈಗ ನಾರಾಯಣಗೂಡದ ಮಾತಿಗೆ ಬರುತ್ತೇನೆ. ಇಲ್ಲಿ ಐಪಿಎಂ ಎಂದು ಎಲ್ಲರೂ ಕರೆಯುವ ಸರ್ಕಾರಿ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಇದೆ. ನಾಯಿ ಕಚ್ಚಿದವರು ಚುಚ್ಚುಮದ್ದಿಗೆ ಓಡಿಬರುವ ಜಾಗವೆಂದೇ ಊರಿಗೆ ಪರಿಚಯ. ಅಲ್ಲೇ ಒಂದು ಬ್ಲಡ್ ಬ್ಯಾಂಕ್ ಕೂಡ ಇದೆ. ವಿರಳ ರೋಗದ ಮಾತಿನಲ್ಲಿ ಬ್ಲಡ್ ಬ್ಯಾಂಕ್ ಏಕೆ ಎಂದರೆ, ಥಲಸ್ಸೇಮಿಯಾ ಮಕ್ಕಳಿಗಾಗಿ. ಥಲಸ್ಸೇಮಿಯಾ ನಮ್ಮ ದೇಶದಲ್ಲಿ ಅಷ್ಟೇನೂ ವಿರಳವಲ್ಲ, ನೂರಕ್ಕೆ ಮೂರು ನಾಲ್ಕು ಜನ ಅದರ ವಾಹಕರಿದ್ದಾರೆ. ಆದರೂ ಪಕ್ಕದ ಮನೆಯವರಿಗೆ ಅದರ ಹೆಸರು ಗೊತ್ತಿರುವುದಿಲ್ಲ. ಈ ಮಕ್ಕಳ ದೇಹ ಸರಿಯಾದ ಕೆಂಪು ರಕ್ತಕಣಗಳನ್ನು ತಯಾರಿಸುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಲೇಬೇಕು.

ರಕ್ತ ಏರಿಸುವ ದಿನ ಹತ್ತಿರವಾದಂತೆ ಮಗು ಮಂಕಾಗುತ್ತದೆ. ಆಟ ಬಿಟ್ಟು ಗೋಡೆಗೊರಗಿ ಕೂರುತ್ತದೆ, ತುಟಿ ಬಿಳಿಚಿಕೊಳ್ಳುತ್ತದೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ಪತ್ರೆಯಲ್ಲಿ ಮೂರು ನಾಲ್ಕು ತಾಸು ಮಲಗಿ ಹನಿಹನಿಯಾಗಿ ರಕ್ತ ಹಾಕಿಸಿಕೊಂಡರೆ ಸಂಜೆಯ ಹೊತ್ತಿಗೆ ಕೆನ್ನೆಗೆ ಬಣ್ಣ ಬರುತ್ತದೆ, ಮರುದಿನ ಬೀದಿಯಲ್ಲಿ ಓಡುತ್ತಿರುತ್ತದೆ. ಆದರೆ ಪ್ರತಿ ಚೀಲ ರಕ್ತವೂ ಇನ್ನೂರು ಮಿಲಿಗ್ರಾಮಿಗೂ ಮೇಲೆ ಕಬ್ಬಿಣವನ್ನು ಮೈಯಲ್ಲಿ ಬಿಟ್ಟುಹೋಗುತ್ತದೆ. ಅದು ಹೃದಯದಲ್ಲೂ ಯಕೃತ್ತಿನಲ್ಲೂ ಕೂಡಿಕೊಳ್ಳದಂತೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿಗೆ ಕದಡಿದ ಗುಳಿಗೆ ಕುಡಿಯಬೇಕು. ರುಚಿ ಕೆಟ್ಟದ್ದು, ಮಕ್ಕಳು ಮುಖ ತಿರುಗಿಸುತ್ತವೆ. ಅದನ್ನು ಕುಡಿಸುವ ತಾಯಂದಿರ ತಾಳ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. 1998ರಲ್ಲಿ ಹುಟ್ಟಿದ ಇಲ್ಲಿನ ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿ ಇಂಥ ಮಕ್ಕಳಿಗೆ ರಕ್ತ ಹಾಕುವ ಕೆಲಸವನ್ನು ಹಗಲಿರುಳು ಮಾಡುತ್ತಿದೆ. ಕಲ್ಯಾಣ ಕರ್ನಾಟಕದ ಮನೆಗಳವರೂ ಈ ಹೆಸರನ್ನು ಬರೆದಿಟ್ಟುಕೊಳ್ಳಿ. ಮದುವೆಗೆ ಮುಂಚೆ ಅಥವಾ ಬಸಿರಿನ ಮೊದಲ ತಿಂಗಳುಗಳಲ್ಲಿ ಎಚ್‌ಬಿಎ2 ಎಂಬ ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಗಂಡ-ಹೆಂಡತಿ ವಾಹಕರೇ ಅಲ್ಲವೇ ಎಂಬುದು ತಿಳಿದುಬಿಡುತ್ತದೆ. ಜಾತಕ ನೋಡುವವರು ನೋಡಲಿ, ಈ ಚೀಟಿಯನ್ನೂ ಅದರ ಪಕ್ಕದಲ್ಲಿಡಲಿ.

ಥಲಸ್ಸೇಮಿಯಾ, ಹಿಮೋಫೀಲಿಯಾ ರೋಗಿಗಳಿಗೆ ಬದಲಿ ರಕ್ತ ಕೇಳದೆ, ದುಡ್ಡು ತೆಗೆದುಕೊಳ್ಳದೆ ಸರ್ಕಾರಿ ಬ್ಲಡ್ ಬ್ಯಾಂಕುಗಳು ರಕ್ತ ಕೊಡಬೇಕೆಂಬ ನಿಯಮವಿದೆ. ನಿಯಮ ಇದ್ದರೂ ಚೀಲ ಇರಬೇಕಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳಿಲ್ಲ, ಬಿಸಿಲಿಗೆ ಯಾರೂ ಹೊರಬರುವುದಿಲ್ಲ. ಶೇಖರಿಸಿಟ್ಟ ಕೆಂಪು ರಕ್ತಕಣ ಐದಾರು ವಾರಕ್ಕಿಂತ ಹೆಚ್ಚು ಉಳಿಯುವುದೂ ಇಲ್ಲ. ಮಗುವಿನ ಕಾಯಿಲೆಗೆ ಮಾತ್ರ ಬೇಸಿಗೆ ರಜೆಯಿಲ್ಲ.

ಹಾಗಾಗಿ ನಾರಾಯಣಗೂಡ, ಹಿಮಾಯತ್‌ನಗರ, ಕಾಚಿಗೂಡದ ಕನ್ನಡಿಗರಲ್ಲಿ, ಇಲ್ಲಿನ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಹದಿನೆಂಟು ತುಂಬಿದ, ಆರೋಗ್ಯವಾಗಿರುವ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಹುಟ್ಟುಹಬ್ಬಕ್ಕೆ, ಹಬ್ಬಕ್ಕೆ ಕೊಡುವವರು ಕೊಡಿ, ಬೇಡವೆನ್ನುವುದಿಲ್ಲ. ಈ ವರ್ಷ ಮಾತ್ರ ಏಪ್ರಿಲ್ ಕೊನೆಯ ವಾರ ಅಥವಾ ಮೇ ತಿಂಗಳಲ್ಲಿ ಒಂದು ದಿನ ಗುರುತು ಹಾಕಿಕೊಂಡು, ಬೆಳಿಗ್ಗೆ ತಿಂಡಿ ತಿಂದು, ಜೊತೆಗೊಬ್ಬರನ್ನು ಕರೆದುಕೊಂಡು ಐಪಿಎಂ ಬ್ಲಡ್ ಬ್ಯಾಂಕಿಗೆ ಹೋಗಿ ಬನ್ನಿ. ಊರಿನಲ್ಲಿರುವವರು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಕೊಡಿ.